ಬಳುವಳಿ ಎಮ್ಮೆಯ ಕಣ್ಣಿ

ಹೋದ ತಿಂಗಳು ಮೊಮ್ಮಗಳ ಸ್ಕಾಲರ್‌ಶಿಪ್ಪಿಗೆ ಅಫಿಡವಿಟ್ ಬೇಕೆಂದು ಹೊನ್ನಾಳಿ ಕೋರ್ಟಿನ ಹತ್ತಿರ ಹೋಗಿದ್ದೆ. ನೋಟರಿಯ ಕೈಕೆಳಗಿನ ವಕೀಲ ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ. ಕಾಗದ ನನ್ನ ಮುಂದಿಟ್ಟು, "ಅಜ್ಜಿ, ಇದರಾಗೆ ಬರ್ದಿರೋದೆಲ್ಲ ಸತ್ಯ ಅಂತ ಸಹಿ ಹಾಕ್ರಿ. ಸುಳ್ಳು ಹೇಳಿದ್ರೆ ಕೇಸಾಗ್ತೈತೆ ನೋಡ್ರಿ ಮತ್ತೆ" ಎಂದ. ನನಗೆ ನಗು ತಡೆಯಲಾಗಲಿಲ್ಲ. ಅವನು ಹುಟ್ಟುವ ಮೊದಲೇ ಇದೇ ಕೋರ್ಟಿನ ಕಟಕಟೆಯಲ್ಲಿ ನಿಂತು, ದೇವರ ಮೇಲೆ ಪ್ರಮಾಣ ಮಾಡಿ, ತಲೆ ಎತ್ತಿ ಸುಳ್ಳು ಹೇಳಿದವಳು ನಾನು. ಸಹಿ ಹಾಕಿ ಹೊರಗೆ ಬಂದು ಬೇವಿನ ಮರ ಎಲ್ಲಿದೆ ಎಂದು ಹುಡುಕಿದೆ. ಮರ ಇದ್ದ ಜಾಗದಲ್ಲಿ ಬೈಕು ನಿಲ್ಲಿಸುವ ಶೆಡ್ಡಾಗಿದೆ. ಆ ಮರಕ್ಕೆ ನಾನು ಒಂದು ಬೇಸಿಗೆಯಿಡೀ ನನ್ನ ಎಮ್ಮೆ ಕಟ್ಟಿದ್ದೆ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಅದು. ನನಗೆ ಇಪ್ಪತ್ತೇಳು. ನ್ಯಾಮತಿಯಿಂದ ಹೊನ್ನಾಳಿಗೆ ಬರುವ ಟಾರು ರಸ್ತೆ ಬಿಟ್ಟು ಒಂದು ಮೈಲಿ ಒಳಗೆ ನಮ್ಮೂರು. ಮನೆಯಲ್ಲಿ ನನ್ನ ಗಂಡ, ಅತ್ತೆ ನೀಲಮ್ಮ, ಮೂರು ವರ್ಷದ ಮಗಳು. ಕೊಟ್ಟಿಗೆಯಲ್ಲಿ ಒಂದು ಜೊತೆ ಎತ್ತು, ಪಕ್ಕದಲ್ಲಿ ನನ್ನ ಎಮ್ಮೆ. ನನ್ನ ಎಮ್ಮೆ ಎಂದೇ ಹೇಳುತ್ತೇನೆ, ಯಾರಿಗೆ ಬೇಜಾರಾದರೂ ಆಗಲಿ. ಮಗಳು ಹುಟ್ಟಿದಾಗ ನನ್ನಪ್ಪ ಸಾಸ್ವೆಹಳ್ಳಿ ಕಡೆಯಿಂದ ಆ ಎಮ್ಮೆಯನ್ನು ನಡೆಸಿಕೊಂಡೇ ಬಂದು ಬಳುವಳಿಯಾಗಿ ಕೊಟ್ಟ. ತವರಿನವರು ಮಗಳಿಗೆಂದು ಕೊಡುವ ದನ ಮಗಳದ್ದೇ. ಅದರ ಕರು ಅವಳದು, ಹಾಲು ಅವಳದು. ಗಂಡನಾದವನು ಅದಕ್ಕೆ ಹುಲ್ಲು ಹಾಕಬಹುದು, ಮೈ ತೊಳೆಯಬಹುದು. ಮಾರುವುದಿದ್ದರೆ ಅವಳನ್ನು ಕೇಳಬೇಕು. ನಮ್ಮ ಕಡೆ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಎಮ್ಮೆಯ ಕೊರಳಿಗೆ ಕಟ್ಟುವ ಹಗ್ಗಕ್ಕೆ ಕಣ್ಣಿ ಎನ್ನುತ್ತೇವೆ. ಆ ಕಣ್ಣಿಯನ್ನೂ ಅಪ್ಪನೇ ಹೊಸೆದಿದ್ದ. ಪುಂಡಿನಾರಿಗೆ ನಡುನಡುವೆ ಆಡಿನ ಕರಿಕೂದಲು ಸೇರಿಸಿ ಹೊಸೆಯುವುದು ಅವನ ರೀತಿ. ಎಮ್ಮೆ ಕೊಟ್ಟ ಮರುವರ್ಷ ಅವನು ಹೋಗಿಬಿಟ್ಟ.

ಆ ವರ್ಷ ಜೋಳ ತೆನೆ ಕಟ್ಟುವ ಹೊತ್ತಿಗೆ ನನ್ನ ತಂಗಿಯ ಮದುವೆ ನಿಶ್ಚಯವಾಯಿತು. ಅಪ್ಪ ಇಲ್ಲದ ಮನೆಯ ಮದುವೆ, ಅವ್ವನ ಕೈಗೆ ಆಸರೆಯಾಗಲೆಂದು ಎಂಟು ದಿನ ಮೊದಲೇ ಮಗಳನ್ನು ಎತ್ತಿಕೊಂಡು ತವರಿಗೆ ಹೋದೆ. "ಧಾರೆ ದಿನ ಬರ್ತೀನಿ, ನೀನು ಹೋಗಿರು" ಎಂದು ನನ್ನ ಗಂಡ ಬಸ್ಸು ಹತ್ತಿಸಿದರು. ಧಾರೆಯ ದಿನ ಬಂದದ್ದು ಅವರಲ್ಲ, ಊರಿನಿಂದ ಸೈಕಲ್ಲಿನಲ್ಲಿ ಒಬ್ಬ ಆಳು. ಬಣವೆಯಿಂದ ಹುಲ್ಲು ಹಿರಿಯುವಾಗ ಹಾವು ಕಡಿದಿತ್ತು. ನಾನು ಮದುವೆಮನೆಯ ಹಸಿರು ಸೀರೆಯಲ್ಲೇ ಬಂದು ಹೆಣದ ಮುಂದೆ ಕೂತೆ.

ಆಮೇಲಿನ ಹತ್ತು ದಿನ ನಾನು ಕೊಟ್ಟಿಗೆ ಕಡೆ ತಲೆ ಹಾಕಲಿಲ್ಲ. ಎಮ್ಮೆ ಗಬ್ಬವಿತ್ತು, ಹಾಲು ಕರೆಯುವ ಕೆಲಸ ಇರಲಿಲ್ಲ. ಹುಲ್ಲು ನೀರು ಅತ್ತೆಯೇ ನೋಡಿಕೊಂಡರು. ಹನ್ನೊಂದನೆಯ ದಿನ ಎಲ್ಲರೂ ಮಣ್ಣು ಮಾಡಿದ ಜಾಗಕ್ಕೆ ಹಾಲುತುಪ್ಪ ಬಿಡಲು ಹೋದೆವು. ಬಂದು ನೋಡಿದರೆ ಎಮ್ಮೆ ಕಟ್ಟುವ ಗೂಟ ಖಾಲಿ.

ಹುಡುಕಲು ದೂರ ಹೋಗಬೇಕಾಗಲಿಲ್ಲ. ಅಂಗಡಿ ಬಸಲಿಂಗಪ್ಪನ ಹಿತ್ತಿಲಲ್ಲಿ ಎಮ್ಮೆ ನಿಂತಿತ್ತು, ಕೊರಳಿಗೆ ಹೊಸ ಸೆಣಬಿನ ಹಗ್ಗ. ಬಸಲಿಂಗಪ್ಪ ಊರಿನ ಒಂದೇ ಕಿರಾಣಿ ಅಂಗಡಿಯವನು, ಜೊತೆಗೆ ದನದ ವ್ಯಾಪಾರ. ನನ್ನ ಗಂಡನಿಗಿಂತ ಹದಿನೈದು ವರ್ಷ ದೊಡ್ಡವನು. ಅವನ ಅಂಗಡಿ ಕಟ್ಟೆಯ ಮೇಲೆ ಐದಾರು ಜನ ಕೂತಿದ್ದರು. ನಾನು ಅವರೆಲ್ಲರ ಮುಂದೆ ನಿಂತು, "ನಮ್ಮ ಎಮ್ಮೆ ಯಾಕೆ ಹೊಡ್ಕಂಡು ಬಂದ್ರಿ?" ಎಂದು ಕೇಳಿದೆ.

"ಎಮ್ಮೆ ಈಗ ನಂದವ್ವ. ನಿನ್ನ ಗಂಡ ನಂಗೆ ಮಾರ್ಯಾನೆ. ಕಾರ್ಯದ ಮನೇಲಿ ಮಾತಾಗೋದು ಬ್ಯಾಡ ಅಂತ ಸುಮ್ಮನೆ ಹೊಡ್ಕಂಡು ಬಂದೆ" ಎಂದ.

"ಸುಳ್ಳು. ನನ್ನ ಕೇಳದೆ ಅವ್ರು ಮಾರಾದಿಲ್ಲ."

ಬಸಲಿಂಗಪ್ಪ ಎಲೆಗೆ ಸುಣ್ಣ ಹಚ್ಚುತ್ತ, ತಲೆ ಕೂಡ ಎತ್ತದೆ, "ನಂಬಿಕೆ ಇಲ್ಲಾಂದ್ರೆ ಹೋಗಿ ಅವನ್ನೇ ಕೇಳು" ಎಂದ. ಕಟ್ಟೆಯ ಮೇಲೆ ಕೂತ ಒಬ್ಬ ನಕ್ಕ. ಆಗತಾನೇ ಗಂಡನ ಗೋರಿಗೆ ಹಾಲು ಹೊಯ್ದು ಬಂದಿದ್ದೆ, ಸೆರಗಿನ ತುದಿಯಲ್ಲಿ ಇನ್ನೂ ಹಸಿ ಮಣ್ಣಿತ್ತು.

ಆ ನಗು ನನ್ನನ್ನು ಕೆಡಿಸಿತು. ಇವತ್ತು ಯೋಚಿಸಿದರೆ, ಅವನು ಮೆತ್ತಗೆ ಮಾತಾಡಿದ್ದರೆ, "ತಂಗಿ, ಹಿಂಗಾಗೈತೆ, ಒಳಗೆ ಬಾ" ಎಂದಿದ್ದರೆ ಎಮ್ಮೆಯನ್ನು ಬಿಟ್ಟೇ ಬರುತ್ತಿದ್ದೆನೇನೋ. ಆದರೆ ಅವನು ನನ್ನ ಗಂಡನನ್ನು ಊರ ಮುಂದೆ ಕಳ್ಳನನ್ನಾಗಿ ಮಾಡಿದ್ದ. ಹೆಂಡತಿ ತವರಿಗೆ ಹೋದ ಹೊತ್ತು ನೋಡಿ ಅವಳ ಬಳುವಳಿ ಮಾರಿದ ಗಂಡ ಎಂದರೆ ಕಳ್ಳನೇ ತಾನೆ? ನನಗೆ ಎಮ್ಮೆಗಿಂತ ಅದು ಮುಖ್ಯವಾಯಿತು. ಅವರು ಹಾಗೆ ಮಾಡಿಲ್ಲ ಎಂದು ನಾಲ್ಕು ಜನರ ಮುಂದೆ ಆಗಬೇಕು, ಬಸಲಿಂಗಪ್ಪ ಕೈಗೆ ಬೇಡಿ ಹಾಕಿಸಿಕೊಂಡು ಅದೇ ಕಟ್ಟೆಯ ಮುಂದೆ ಹೋಗಬೇಕು. ಮಾರಿದ್ದರೆ ಅದರ ದುಡ್ಡು ಎಲ್ಲಿ? ಮನೆಯಲ್ಲಿ ಅದರ ಸುಳಿವೇ ಇರಲಿಲ್ಲ. ಮೂರನೆಯ ದಿನ ನ್ಯಾಮತಿ ಠಾಣೆಗೆ ಹೋಗಿ ಕಳವಿನ ದೂರು ಬರೆಸಿದೆ. ಗಂಡ ಸತ್ತ ಹೆಂಗಸು ತಿಂಗಳು ತುಂಬುವ ಮೊದಲೇ ಹೊಸಿಲು ದಾಟಿದಳು ಎಂದು ಊರೆಲ್ಲ ಆಡಿಕೊಂಡಿತು. ಆಡಿಕೊಳ್ಳಲಿ ಎಂದುಕೊಂಡೆ.

ಪೊಲೀಸಿನವರು ಬಂದು ಪಂಚನಾಮೆ ಮಾಡಿ, ಎಮ್ಮೆ ಒಂದು, ಹೊಸ ಸೆಣಬಿನ ಹಗ್ಗ ಒಂದು ಎಂದು ಬರೆದುಕೊಂಡರು. ಆವತ್ತಿನಿಂದ ನನ್ನ ಎಮ್ಮೆಗೆ ಮುದ್ದೇಮಾಲು, ಅಂದರೆ ಕೇಸಿನ ಸೊತ್ತು, ಎಂದು ಹೆಸರಾಯಿತು. ಹೊನ್ನಾಳಿಯ ಮ್ಯಾಜಿಸ್ಟ್ರೇಟರು ಮುಚ್ಚಳಿಕೆ ಬರೆಸಿಕೊಂಡು ಅದನ್ನು ನನ್ನ ವಶಕ್ಕೆ ಕೊಟ್ಟರು. ಮಾರುವಂತಿಲ್ಲ, ಕೇಳಿದಾಗ ತಂದು ತೋರಿಸಬೇಕು ಎಂದು ಕಟ್ಟಪ್ಪಣೆ. ವಾಯಿದೆ ಇದ್ದ ದಿನ ಕೋಳಿ ಕೂಗುವ ಹೊತ್ತಿಗೆ ಎದ್ದು ಗಬ್ಬದ ಎಮ್ಮೆಯನ್ನು ನಿಧಾನಕ್ಕೆ ಹೊಡೆದುಕೊಂಡು ಹೊರಟರೆ ಕೋರ್ಟು ಕೂರುವ ಹೊತ್ತಿಗೆ ಬೇವಿನ ಮರದ ಕೆಳಗಿರುತ್ತಿದ್ದೆ. ವಕೀಲರು, ಗುಮಾಸ್ತರು, ಸಾಕ್ಷಿದಾರರು ಎಲ್ಲ ನಮ್ಮನ್ನು ಸುತ್ತುಹಾಕಿಕೊಂಡು ಹೋಗುತ್ತಿದ್ದರು. ಒಂದು ಸಲ ಒಳಗೆ ವಾದ ನಡೆಯುತ್ತಿರುವಾಗ ಎಮ್ಮೆ ಒರಲಿ, ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟು, "ಅದಕ್ಕೂ ಏನಾದರೂ ಹೇಳುವುದಿದೆಯಾ?" ಎಂದರಂತೆ.

ಮೊದಲನೆಯ ವಾಯಿದೆಯ ದಿನ ಬಸಲಿಂಗಪ್ಪ ಆ ಮರದ ಕೆಳಗೇ, ನನಗೆ ಕೇಳಲೆಂದೇ, ತನ್ನ ವಕೀಲರಿಗೆ ಜೋರಾಗಿ ಹೇಳಿದ. "ಸ್ವಾಮಿ, ನಮ್ಮ ಕಡೆ ದನ ಮಾರಿದೋನು ಕಣ್ಣಿ ಕೊಡಾದಿಲ್ಲ. ಕಣ್ಣಿ ಹೋದ್ರೆ ಕೊಟ್ಟಿಗೆ ಲಕ್ಷ್ಮಿ ಹೋಗ್ತಾಳೆ ಅಂತ ಬಿಚ್ಚಿಟ್ಕಂತಾರೆ. ಕೊಂಡೋನು ತನ್ನ ಹಗ್ಗ ತಂದು ಕಟ್ಟಬೇಕು. ನಾನು ಕಟ್ಟಿದ ಹಗ್ಗ ಎಮ್ಮೆ ಕೊರಳಾಗೈತೆ. ಅವನು ಬಿಚ್ಚಿಟ್ಟ ಕಣ್ಣಿ ಅವರ ಮನೇಲೇ ಐತೆ. ಹುಡುಕಿಸ್ರಿ, ಅದೊಂದು ಸಾಕು."

ವ್ಯಾಪಾರದಲ್ಲಿ ಅಷ್ಟು ನುರಿತವನು ಆವತ್ತು ದೊಡ್ಡ ತಪ್ಪು ಮಾಡಿದ. ವಕೀಲರ ಕಿವಿಯಲ್ಲಿ ಹೇಳಬೇಕಾದದ್ದನ್ನು ನನ್ನನ್ನು ಉರಿಸಲಿಕ್ಕೆಂದು ಬಯಲಲ್ಲಿ ಹೇಳಿದ.

ನಾನು ನಿಜಕ್ಕೂ ಉರಿದೆ. ಅಪ್ಪ ಹೊಸೆದ ಕಣ್ಣಿಯನ್ನು ಬಸಲಿಂಗಪ್ಪನೇ ಬಿಚ್ಚಿ ಎಸೆದಿದ್ದಾನೆ ಎಂದು ನಾನು ನಂಬಿದ್ದೆ. ಮನೆಗೆ ಬಂದವಳೇ, ಇಲ್ಲ ಎಂದು ನನಗೆ ನಾನೇ ಖಾತ್ರಿ ಮಾಡಿಕೊಳ್ಳಲು ಹುಡುಕಲು ಶುರು ಮಾಡಿದೆ. ಕೊಟ್ಟಿಗೆಯ ಗೂಟಗಳು, ಎತ್ತಿನ ಮಿಣಿ ನೇತುಹಾಕುವ ಮೊಳೆ, ಕಾಳು ತುಂಬುವ ಹಗೇವಿನ ಬಾಯಿ, ನುಚ್ಚಿನ ಮಡಕೆ ಎಲ್ಲ ನೋಡಿದೆ. ಕೊನೆಗೆ ಏಣಿ ಹಾಕಿ ಅಟ್ಟ ಹತ್ತಿದೆ. ಬಿತ್ತನೆಯ ಕೂರಿಗೆಯ ಹಿಂದೆ, ನನ್ನ ಗಂಡನ ಹಳೆ ಪಂಚೆಯಲ್ಲಿ ಸುತ್ತಿ, ಕಣ್ಣಿ ಇತ್ತು. ನಾರಿನ ನಡುವೆ ಕರಿಕೂದಲು. ನೀಟಾಗಿ ಸುತ್ತಿ ಗಂಟು ಹಾಕಿದ್ದರು, ಆ ಗಂಟು ನನಗೆ ಗೊತ್ತು.

ಅಟ್ಟದ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಮಾರಿದ್ದರು. ಬಸಲಿಂಗಪ್ಪ ಹೇಳಿದ್ದು ನಿಜ. ಯಾಕೆ ಮಾರಿದರು, ದುಡ್ಡು ಯಾರಿಗೆ ಕೊಟ್ಟರು, ನನ್ನನ್ನು ಬಸ್ಸು ಹತ್ತಿಸುವಾಗಲೇ ಮನಸ್ಸಿನಲ್ಲಿ ಇತ್ತೇ? ಅಳಬೇಕೆಂದರೂ ಅಳು ಬರಲಿಲ್ಲ. ಸತ್ತವರ ಮೇಲೆ ಸಿಟ್ಟು ಬಂದರೆ ಅದನ್ನು ಎಲ್ಲಿಗೆ ಒಯ್ಯಬೇಕು? ಬದುಕಿದ್ದವನೊಬ್ಬ ಇದ್ದ. ಅವನ ಕಟ್ಟೆ, ಅವನ ಸುಣ್ಣದ ಡಬ್ಬಿ, ಅವನು ಆಡಿದ ಮಾತು, ಪಕ್ಕದವನ ನಗು. ಕಣ್ಣಿ ತೆಗೆದುಕೊಂಡು ಹೋಗಿ ಠಾಣೆಯಲ್ಲಿಟ್ಟು, ನನ್ನದೇ ತಪ್ಪಾಯಿತು ಎಂದಿದ್ದರೆ ಕೇಸು ಅಲ್ಲಿಗೇ ಮುಗಿಯುತ್ತಿತ್ತು. ಆಮೇಲೆ ಅವನ ಅಂಗಡಿಗೆ ಉಪ್ಪು ತರಲು ಹೋಗಿ ನಿಲ್ಲಬೇಕಿತ್ತು. ಅದೊಂದು ನನ್ನ ಕೈಲಾಗದು ಎನ್ನಿಸಿತು.

ಕೆಳಗಿಳಿದೆ. ಅತ್ತೆ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿ, ಒಲೆಯ ಮುಂದಿನಿಂದ ಸ್ವಲ್ಪ ಸರಿದು ಕೂತರು. ನಾನು ಕಣ್ಣಿಯನ್ನು ಒಲೆಗೆ ತುರುಕಿದೆ. ಕೂದಲು ಸುಟ್ಟ ನಾತ ಮನೆಯೆಲ್ಲ ತುಂಬಿತು. ನನ್ನಪ್ಪನ ಕೈಯದೆಂದು ನನ್ನ ಹತ್ತಿರ ಉಳಿದಿದ್ದ ಒಂದೇ ವಸ್ತು ಅದು. ಪೂರ್ತಿ ಬೂದಿಯಾಗಲು ತುಂಬ ಹೊತ್ತು ಹಿಡಿಯಿತು.

"ಹೊಗೆ ಬಾಳ ಆಗ್ತೈತೆ, ಊದುಗೊಳವೆ ತಗಂಡು ಊದು" ಎಂದರು ಅತ್ತೆ.

ಊದಿದೆ. ರೊಟ್ಟಿ ತೆಗೆದು ತಟ್ಟೆಗೆ ಹಾಕುತ್ತ ಅವರೇ ಹೇಳಿದರು. "ನೀನು ತವರಿಗೆ ಹೋದ ಮೇಲೆ ಎಮ್ಮೆ ಕೊರಳಾಗೆ ಹೊಸ ಹಗ್ಗ ಕಂಡೆ ಕಣವ್ವ. ಏನೋ ಇದು ಅಂತ ಕೇಳ್ದೆ. ಅವಳು ಬರ್ಲಿ, ಅವಳಿಗೆ ಮೊದ್ಲು ಹೇಳ್ಬೇಕು, ಅಲ್ಲೀಗಂಟ ಎಮ್ಮೆ ಇಲ್ಲೇ ಇರ್ತೈತೆ ಅಂದ. ನಿನಗೆ ಹೇಳಾಕೆ ಅವನೇ ಉಳೀಲಿಲ್ಲ. ನಂಗೂ ಬಾಯಿ ಬರ್ಲಿಲ್ಲ."

"ಯಾಕೆ ಮಾರ್ದೆ ಅಂತ ಕೇಳ್ಲಿಲ್ವೇನತ್ತೆ?"

"ಕೇಳ್ದೆ. ಬಾಯಿ ಬಿಡ್ಲಿಲ್ಲ." ಇನ್ನೊಂದು ರೊಟ್ಟಿ ತಟ್ಟಿ ಹೆಂಚಿಗೆ ಹಾಕಿ, "ನನ್ನ ಮಗನ ಹೆಸರಿಗೆ ಮಸಿ ಬಳಿದೋನು ಜೈಲು ಕಂಡು ಬರ್ಲಿ. ಉಣ್ಣು ಬಾ" ಎಂದರು. ಅತ್ತೆ ಸೊಸೆ ಆ ಮನೆಯಲ್ಲಿ ಏಳು ವರ್ಷ ಒಂದಲ್ಲ ಒಂದಕ್ಕೆ ಜಗಳವಾಡಿದ್ದೆವು. ಆವತ್ತು ಒಂದೇ ತಟ್ಟೆಯಲ್ಲಿ ಉಂಡೆವು.

ಬಸಲಿಂಗಪ್ಪನ ವಕೀಲರು ಅರ್ಜಿ ಕೊಟ್ಟ ಮೇಲೆ ದಫೇದಾರರು ಇಬ್ಬರು ಪಂಚರನ್ನು ಕರೆದುಕೊಂಡು ಬಂದು ಮನೆಯೆಲ್ಲ ಜಾಲಾಡಿದರು. ಅತ್ತೆಯೇ ಮುಂದೆ ನಿಂತು ಪೆಟ್ಟಿಗೆ ತೆರೆದು, ಏಣಿ ಹಿಡಿದು, "ಅಲ್ಲೂ ನೋಡ್ರಪ್ಪ, ಇಲ್ಲೂ ನೋಡ್ರಪ್ಪ" ಎಂದು ತೋರಿಸಿದರು. ಕಣ್ಣಿ ಸಿಗಲಿಲ್ಲ ಎಂದು ಬರೆದುಕೊಂಡು ಹೋದರು. ಬಾಗಿಲಲ್ಲಿ ನಿಂತಿದ್ದ ಬಸಲಿಂಗಪ್ಪನ ಮುಖ ನೋಡಿದೆ. ಅವನಿಗೆ ಆ ಕ್ಷಣವೇ ತಿಳಿದುಹೋಯಿತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಸಾಕ್ಷಿಯ ದಿನ ಬಿಸಿಲು ಹೆಂಚು ಕಾದ ಹಾಗಿತ್ತು. ಎಮ್ಮೆಗೆ ದಿನ ತುಂಬುತ್ತ ಬಂದಿತ್ತು, ಆದರೂ ಗುರುತು ಹಿಡಿಯಲು ತರಲೇಬೇಕಿತ್ತು. ಬೇವಿನ ಮರದ ಕೆಳಗೆ ಬಂದು ನಿಂತ ಸ್ವಲ್ಪ ಹೊತ್ತಿಗೆ ಅದು ಮಲಗಿತು, ಎದ್ದಿತು, ಮತ್ತೆ ಮಲಗಿತು. ನೋವು ಶುರುವಾಗಿತ್ತು. ಕರುವಿನ ಒಂದು ಕಾಲು ಮಾತ್ರ ಹೊರಗೆ ಬಂದು ನಿಂತುಬಿಟ್ಟಿತು. ಸುತ್ತ ಕರಿಕೋಟಿನವರು, ಯಾರಿಗೂ ಏನು ಮಾಡಬೇಕೆಂದು ತಿಳಿಯದು. ನಾನು ಎಮ್ಮೆಯ ತಲೆಯ ಹತ್ತಿರ ಕೂತು ಕೊರಳು ಸವರಿದೆ.

ಆಗ ಬಸಲಿಂಗಪ್ಪ ಬಂದ. ಅಂಗಿ ಬಿಚ್ಚಿ ತನ್ನ ವಕೀಲರ ಕೈಗೆ ಕೊಟ್ಟು, ಪಂಚೆ ಎತ್ತಿ ಕಟ್ಟಿ, ಮೊಣಕೈವರೆಗೆ ಎಣ್ಣೆ ಹಚ್ಚಿಸಿಕೊಂಡು ಮಂಡಿಯೂರಿದ. ಎಣ್ಣೆ ಎದುರಿನ ಹೋಟೆಲಿನಿಂದ ಬಂತು. "ಹಿಡ್ಕ ಗಂಗವ್ವ, ತಲೆ ಗಟ್ಟಿ ಹಿಡ್ಕ" ಎಂದು ನನಗೆ ಗದರಿದ. ಹಿಡಿದೆ. ಒಳಗೆ ಮಡಚಿಕೊಂಡಿದ್ದ ಇನ್ನೊಂದು ಕಾಲನ್ನು ಅವನು ಮೆಲ್ಲಗೆ ತಿರುಗಿಸಿ, ನೋವು ಬಂದಾಗಲೆಲ್ಲ ಎಳೆದು, ಕರುವನ್ನು ಹೊರಗೆ ತಂದ. ಮೂಗು ಒರೆಸಿ, ಬಾಯಿಗೆ ಊದಿ, ಕರು ತಲೆ ಕೊಡವಿದ ಮೇಲೆ ಎದ್ದ. "ಹೆಣ್ಣು ಕರು" ಎಂದ, ಸಂತೋಷದಿಂದಲೇ. ಕೋರ್ಟಿನ ಗುಮಾಸ್ತರು ಹೊರಗೆ ಬಂದು, ಮುದ್ದೇಮಾಲು ಈಗ ಒಂದೋ ಎರಡೋ ಹೇಗೆ ಬರೆಯಬೇಕೆಂದು ತಲೆ ಕೆರೆದುಕೊಂಡರು. ಎಲ್ಲರೂ ನಕ್ಕರು. ಬಸಲಿಂಗಪ್ಪನೂ ನಕ್ಕ.

ಇಷ್ಟಾದ ಮೇಲಾದರೂ ನಿನ್ನ ಮನಸ್ಸು ಕರಗಲಿಲ್ಲವೇ ಎಂದು ನನ್ನ ಮಗಳು ಕೇಳುತ್ತಾಳೆ. ಇಲ್ಲ. ಅವನು ಎಮ್ಮೆಗೆ ಉಪಕಾರ ಮಾಡಿದ, ನನಗಲ್ಲ. ದನದ ನೋವು ಅಷ್ಟು ಚೆನ್ನಾಗಿ ತಿಳಿಯುವವನಿಗೆ ಹನ್ನೊಂದು ದಿನದ ವಿಧವೆಯ ನೋವು ತಿಳಿಯಲಿಲ್ಲವಲ್ಲ ಎಂದು ಇನ್ನಷ್ಟು ಉರಿಯಿತು.

ಮಧ್ಯಾಹ್ನ ಕಟಕಟೆಗೆ ಕರೆದರು. ಗಂಡನ ಹೆಸರೇನು ಎಂದು ಕೇಳಿದಾಗ ಹೇಳಲು ನಾಲಿಗೆ ಏಳದೆ ಅತ್ತೆಯ ಕಡೆ ನೋಡಿದೆ, ಅವರು ಹೇಳಿದರು. ಬಸಲಿಂಗಪ್ಪನ ವಕೀಲರು ಎದ್ದು ಕೇಳಿದರು: "ಮಾರಾಟವಾದ ದಿನ ನಿಮ್ಮ ಗಂಡ ಬಿಚ್ಚಿಟ್ಟ ಕಣ್ಣಿಯನ್ನು ನೀವು ಮುಚ್ಚಿಟ್ಟಿದ್ದೀರಿ, ಅಲ್ಲವೇ?"

"ನಮ್ಮಪ್ಪ ಹೊಸೆದ ಕಣ್ಣಿ ಎಮ್ಮೆ ಕೊರಳಾಗೇ ಇತ್ತು ಸ್ವಾಮಿ. ಕದ್ದೋರು ಏನು ಮಾಡಿದ್ರೋ ಅವ್ರನ್ನೇ ಕೇಳ್ರಿ" ಎಂದೆ. ಗಂಡನ ಹೆಸರಿಗೆ ಏಳದ ನಾಲಿಗೆ ಇದಕ್ಕೆ ಸಲೀಸಾಗಿ ಎದ್ದಿತು.

ಮ್ಯಾಜಿಸ್ಟ್ರೇಟರು ಕರಾವಳಿ ಕಡೆಯವರು. ಕಣ್ಣಿಯ ಪದ್ಧತಿ ನಿಜವೇ ಎಂದು ಎರಡೂ ಕಡೆಯ ಸಾಕ್ಷಿಗಳನ್ನು ಕೇಳಿದರು. ನಿಜ ಸ್ವಾಮಿ, ಮಾರಿದವನು ಕಣ್ಣಿ ಬಿಡುವುದೇ ಇಲ್ಲ ಎಂದು ಎಲ್ಲರೂ ಒಂದೇ ಮಾತು ಹೇಳಿದರು. ಬಸಲಿಂಗಪ್ಪ ತಾನೇ ತೋಡಿದ ಗುಂಡಿ. ಮಾರಿದ್ದರೆ ಕಣ್ಣಿ ಮನೆಯಲ್ಲಿರಬೇಕು, ಮನೆಯಲ್ಲಿ ಕಣ್ಣಿ ಇಲ್ಲ, ಹಾಗಾದರೆ ಮಾರಿಲ್ಲ. ಪತ್ರವಿಲ್ಲ, ಸಾಕ್ಷಿಯಿಲ್ಲ, ಮನೆಯವರೆಲ್ಲ ಗೋರಿಯ ಹತ್ತಿರ ಇದ್ದಾಗ ಹೊಡೆದುಕೊಂಡು ಹೋದದ್ದು ಅವನೇ ಒಪ್ಪಿದ್ದಾನೆ. ಮುಂಗಾರಿನ ಮೊದಲ ಮಳೆ ಬಿದ್ದ ವಾರ ತೀರ್ಪಾಯಿತು. ಮೂರು ತಿಂಗಳು. ಅವನ ಹೆಂಡತಿ ಕೋರ್ಟಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ಶಿವಮೊಗ್ಗದ ಜೈಲಿಗೆ ಕರೆದೊಯ್ಯುವಾಗ ಅವನು ನನ್ನ ಕಡೆ ನೋಡಲೇ ಇಲ್ಲ. ನೋಡಲಿ ಎಂದು ನಾನು ಎದುರಿಗೇ ನಿಂತಿದ್ದೆ. ಊರಿಗೆ ಬಂದು ಅಂಗಡಿ ಕಟ್ಟೆಯ ಮುಂದೆ, ಎಮ್ಮೆ ಕರು ಎರಡನ್ನೂ ಬೇಕೆಂದೇ ನಿಧಾನಕ್ಕೆ ಹೊಡೆದುಕೊಂಡು ಹೋದೆ. ಆವತ್ತು ಯಾರೂ ನಗಲಿಲ್ಲ.

ಜೋಳದ ಬಿತ್ತನೆಯ ಹೊತ್ತಿಗೆ ಬಸಲಿಂಗಪ್ಪ ಬಿಡುಗಡೆಯಾಗಿ ಬಂದ. ಸೊರಗಿದ್ದ, ಗಡ್ಡ ಬೆಳ್ಳಗಾಗಿತ್ತು. ತನ್ನ ಮನೆಗೂ ಹೋಗದೆ ನೇರ ನಮ್ಮ ಅಂಗಳಕ್ಕೆ ಬಂದು ನಿಂತ. ನಾನು ಒನಕೆ ಹಿಡಿದುಕೊಂಡೇ ಹೊರಗೆ ಬಂದೆ.

"ಕಣ್ಣಿ ಏನು ಮಾಡ್ದೆ ಅಂತ ಕೇಳಾಕೆ ಬಂದಿಲ್ಲ. ಅದು ನಂಗೊತ್ತು" ಎಂದ. "ಅವನು ಯಾಕೆ ಮಾರ್ದ ಅನ್ನೋದೂ ನಂಗೊತ್ತು. ನಿಂಗೆ ಗೊತ್ತಿಲ್ಲ. ವಕೀಲ್ರು ಕೋರ್ಟಿನಾಗೆ ಹೇಳು ಅಂದ್ರು, ಸತ್ತೋನ ಮರ್ಯಾದಿ ಅಂತ ಹೇಳ್ಲಿಲ್ಲ."

"ನನ್ನ ಗಂಡ ಮಾರಿಲ್ಲ" ಎಂದೆ.

"ಸರಿ ಬಿಡವ್ವ" ಎಂದು ಹೊರಟುಹೋದ. ಅಂಗಡಿಯನ್ನು ತಮ್ಮನಿಗೆ ವಹಿಸಿ, ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಲ್ಲಿದ್ದ ಮಗಳ ಮನೆ ಸೇರಿದ.

ಮೊದಲು ಅದನ್ನು ಲೆಕ್ಕಕ್ಕೆ ತಂದುಕೊಳ್ಳಲಿಲ್ಲ. ಸೋತವನ ಮಾತು ಎಂದು ನಕ್ಕೆ. ಆದರೆ ಸತ್ತವನ ಮರ್ಯಾದೆ ಎಂಬ ಮಾತು ಒಳಗೆ ಸೇರಿ ಕೂತಿತು. ಬೇರೆ ಹೆಣ್ಣೇ? ಇಸ್ಪೀಟೇ? ಯಾವುದಾದರೂ ಕಾಯಿಲೆಯನ್ನು ನಮ್ಮಿಂದ ಬಚ್ಚಿಟ್ಟಿದ್ದರೇ? ಹಾಲು ಕರೆಯುವಾಗ ಯೋಚನೆ, ಬಟ್ಟೆ ಒಗೆಯುವಾಗ ಯೋಚನೆ. ವರ್ಷಗಳು ಕಳೆದವು, ಎಮ್ಮೆ ಸತ್ತಿತು, ಅದರ ಕರುವೇ ಎರಡು ಸಲ ಕರು ಹಾಕಿತು, ಅತ್ತೆ ಹೋದರು. ಅತ್ತೆಯೂ ಕೊನೆಯ ದಿನಗಳಲ್ಲಿ, "ಬಸಲಿಂಗಪ್ಪನ್ನ ಒಂದು ಮಾತು ಕೇಳ್ಬೇಕಿತ್ತು ಕಣೆ" ಎಂದಿದ್ದರು. ಬಸಲಿಂಗಪ್ಪ ಹಾಸಿಗೆ ಹಿಡಿದಿದ್ದಾನೆ, ಇನ್ನು ಹೆಚ್ಚು ದಿನವಿಲ್ಲ ಎಂದು ಗೊತ್ತಾದಾಗ ನನ್ನ ಹಟ ಮುರಿಯಿತು. ಬಸ್ಸು ಹತ್ತಿ ಬಸವಾಪಟ್ಟಣಕ್ಕೆ ಹೋದೆ.

ಪಡಸಾಲೆಯ ಮಂಚದ ಮೇಲೆ ಮಲಗಿದ್ದ, ಕೈಕಾಲು ಕಡ್ಡಿಯಾಗಿತ್ತು. ನನ್ನನ್ನು ಕೂಡಲೇ ಗುರುತು ಹಿಡಿದ. ಮಗಳನ್ನು ಕರೆದು, "ನಮ್ಮೂರಿನೋರು, ಕಾಫಿ ಮಾಡು, ಗಟ್ಟಿ ಹಾಲು ಹಾಕು" ಎಂದ. ಮಳೆಯ ವಿಷಯ ಕೇಳಿದ, ನನ್ನ ಮಗಳ ಮದುವೆ ವಿಷಯ ಕೇಳಿದ, ಕರು ಏನಾಯಿತು ಎಂದು ಕೇಳಿದ. ಎಲ್ಲಕ್ಕೂ ಉತ್ತರ ಹೇಳಿದೆ. ಮಗಳು ಅಡಿಗೆಮನೆಗೆ ಹೋದ ಮೇಲೆ ಮಂಚದ ಹತ್ತಿರ ಸರಿದು, "ಬಸಲಿಂಗಣ್ಣ, ತಪ್ಪಾಗೈತೆ. ಕಣ್ಣಿ ನಾನೇ ಸುಟ್ಟೆ. ಅವ್ರು ಯಾಕೆ ಮಾರಿದ್ರು, ಅದೊಂದು ಹೇಳಿಬಿಡು" ಎಂದು ಕೈ ಮುಗಿದೆ.

ಅವನು ಕತ್ತು ತಿರುಗಿಸಿ ನನ್ನನ್ನು ನೋಡಿದ. ಕಣ್ಣು ಮಾತ್ರ ಹಳೆಯ ಬಸಲಿಂಗಪ್ಪನದೇ.

"ನಿನ್ನ ಗಂಡ ಮಾರೇ ಇಲ್ಲ ಅಂತ ಕೋರ್ಟಿನಾಗೆ ತೀರ್ಮಾನ ಆಗೈತಲ್ಲವ್ವ" ಎಂದ. "ಮಾರದೇ ಇರೋ ಎಮ್ಮೆ ಯಾಕೆ ಮಾರ್ದ ಅಂತ ಕೇಳಿದ್ರೆ ನಾನೇನು ಹೇಳ್ಲಿ?"

ಮಗಳು ಕಾಫಿ ತಂದಳು. ಅವನು ಗೋಡೆ ಕಡೆ ಹೊರಳಿ ಕಣ್ಣು ಮುಚ್ಚಿದ. ನಾನು ಕಾಫಿ ಕುಡಿದು, ಲೋಟ ತೊಳೆದಿಟ್ಟು, ಸಂಜೆಯ ಬಸ್ಸಿಗೆ ಊರಿಗೆ ಬಂದೆ.